ಶ್ರೀಮಂತನ ಸಾಗರೋತ್ತರ ಕಪಾಟು

ಚಿಕ್ಕವನಿದ್ದಾಗ ಶ್ರೀಮಂತ, ಫಾರಿನ್ ಎನ್ನುವುದು ರಾಯಚೂರಿನ ಆಚೆಗಿರುವ ಒಂದು ಊರು ಎಂದೇ ನಂಬಿದ್ದ. ನಂಬಿಕೆಗೆ ಆಧಾರ ಇಲ್ಲದೇ ಇರಲಿಲ್ಲ. ಪಕ್ಕದ ಮನೆಯ ಹಜರಾಬೀಯ ತಮ್ಮ ಸೌದಿಯಲ್ಲಿ ದುಡಿಯುತ್ತಿದ್ದ. ಬಂದಾಗಲೆಲ್ಲ ಹೂವಿನ ಕಂಬಳಿ, ಮೂರು ಬಣ್ಣದ ಬೆಳಕಿನ ಬ್ಯಾಟರಿ, ಮೂಗು ಮುಚ್ಚಿಕೊಳ್ಳುವಂಥ ಅತ್ತರು ತರುತ್ತಿದ್ದ. ಎಲ್ಲಿಂದ ತಂದಿರಿ ಎಂದರೆ "ಫಾರಿನ್‌ದಿಂದ" ಎನ್ನುತ್ತಿದ್ದ. ಇಳಿಯುತ್ತಿದ್ದುದು ಮಾತ್ರ ರಾಯಚೂರು ಬಸ್ಸಿನಿಂದ. ಎರಡಕ್ಕೆ ಎರಡು ಕೂಡಿಸಿದ ಶ್ರೀಮಂತ ಒಂದು ದಿನ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸು ಹತ್ತಿ, "ಫಾರಿನ್ ಒಂದ್ ಅರ್ಧ ಕೊಡ್ರಿ" ಎಂದು ಕೈ ಚಾಚಿದ. ಕಂಡಕ್ಟರು ಕಿವಿ ಹಿಡಿದು ಇಳಿಸುತ್ತ, "ಇದು ಆರ್ಡಿನರಿ ಗಾಡಿ ಅದಪಾ. ಫಾರಿನ್‌ಗೆ ಎಕ್ಸ್‌ಪ್ರೆಸ್ ಹತ್ತಬೇಕು" ಎಂದ. ಹುಡುಗ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಸರಿಯಾದ ಗಾಡಿ ಹಿಡಿದರೆ ಫಾರಿನ್ ದೂರವೇನಲ್ಲ ಎಂಬ ತತ್ವವನ್ನು ಎದೆಗೆ ಹಚ್ಚಿಕೊಂಡ. ಮುಂದಿನ ಅನಾಹುತಕ್ಕೆಲ್ಲ ಆ ಕಂಡಕ್ಟರೇ ಹೊಣೆ.

ಈಗ ಶ್ರೀಮಂತ ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಕಂಪ್ಯೂಟರ್ ಆಪರೇಟರು. ದಿನಾ ಸುರಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಾನೆ. (ತಿಂಗಳ ಇಪ್ಪತ್ತನೇ ತಾರೀಖು ದಾಟಿದ ಮೇಲೆ ಅವನನ್ನು ಹೆಸರು ಹಿಡಿದು ಕರೆಯಬಾರದು; ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾನೆ.) ಮಿಲ್ಲಿನ ಮಾಲಕರು ಒಮ್ಮೆ ಚೀನಾದಿಂದ ಮಶೀನಿನ ಬೆಲ್ಟು ತರಿಸಿದಾಗ ಆ ಕಾಗದಗಳ ಪ್ರಿಂಟು ತೆಗೆದವನು ಇವನೇ. ಅಂದಿನಿಂದ ಅಂತಾರಾಷ್ಟ್ರೀಯ ವ್ಯಾಪಾರ ವ್ಯವಹಾರಗಳಲ್ಲಿ ತಾನು ನುರಿತವನೆಂಬ ಸಣ್ಣ ಅನುಮಾನ ಅವನಿಗಿತ್ತು. ಉಳಿದವರಿಗೆ ಅಂಥ ಅನುಮಾನವೇನೂ ಇರಲಿಲ್ಲ.

ಸಮಸ್ಯೆ ಶುರುವಾದದ್ದು ತಂಗಿ ಭಾರತಿಯಿಂದ. ಗೋಗಿ ಗ್ರಾಮದ ದುರಗಪ್ಪನ ಮಗ ಲೈನ್‌ಮನ್ನು. ಭಾರತಿಯ ಕಾಲೇಜಿನ ಮುಂದಿನ ಕಂಬ ಹತ್ತಿದ್ದಾಗ ಅವಳ ಕಣ್ಣಿಗೆ ಬಿದ್ದಿದ್ದ. ಕಂಬದ ಮೇಲಿದ್ದಾಗಲೇ ಅವಳು ಒಪ್ಪಿದ್ದಳು. ಇಳಿದು ಬಂದ ಮೇಲೆ ಅವನೂ ಒಪ್ಪಿದ. ಉಳಿದದ್ದು ಹಿರಿಯರ ಒಪ್ಪಿಗೆ. ಯುಗಾದಿ ಮುಗಿಸಿ ಮನೆ ನೋಡಲು ಬರುತ್ತೇವೆಂದು ದುರಗಪ್ಪ ಹೇಳಿಕಳಿಸಿದ.

ಮನೆ ನೋಡುತ್ತಾರೆ ಎಂದೊಡನೆ ಶ್ರೀಮಂತ ಮನೆಯನ್ನು ಮೊದಲ ಸಲ ನೋಡಿದ. ಅಡುಗೆಮನೆಗೆ ಬಂದು ನಿಂತುಬಿಟ್ಟ. ಕರಿಕಲ್ಲಿನ ಗೋಡೆ, ಗೋಡೆಯುದ್ದಕ್ಕೂ ಪರಸಿ ಕಲ್ಲಿನ ಮೂರು ಹಲಗೆ, ಹಲಗೆಯ ಮೇಲೆ ಹುಣಸೆಹಣ್ಣು ತಿಕ್ಕಿ ಬೆಳಗಿದ ಕೊಡ, ತಪ್ಪೇಲಿ, ಚರಗಿ, ಪರಾತಗಳ ಸಾಲು. ಪ್ರತಿಯೊಂದರ ಕೊರಳಿಗೂ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು: ಯಾರು, ಯಾವ ಊರಿನವರು, ಯಾರ ಲಗ್ನಕ್ಕೆ ಕೊಟ್ಟದ್ದು.

"ಇದು ಅಡಗಿ ಮನಿನೋ, ಭಾಂಡಿ ಅಂಗಡಿನೋ? ಎಲ್ಲಾ ಬಿಚ್ಚಿ ಹರವೀರಿ! ಈಗ ದೊಡ್ಡ ಮಂದಿ ಮನ್ಯಾಗ ಒಂದು ಚಮಚ ಸೈತ ಹೊರಗ ಕಾಣಂಗಿಲ್ಲ. ಬಾಗಲಾ ಇರೋ ಕಪಾಟು ಹಾಕಸ್ತೀನಿ."

ತಾಯಿ ಮಲ್ಲಾಬಾಯಿ ಒಲೆಯ ಮುಂದಿನಿಂದ ತಲೆ ಎತ್ತದೆ ಹೇಳಿದಳು: "ಬೀಗರು ಬಂದ್ರ ಮೊದಲ ಭಾಂಡಿ ಓದ್ತಾರಪಾ. ಯಾರು ಏನ್ ಕೊಟ್ಟಾರ, ಎಲ್ಲೆಲ್ಲಿ ಮಂದಿ ಅದಾರ, ಅಂತ. ಅದ್ಕ ನೀರು ಕೇಳೋ ನೆವ ಮಾಡಿ ಒಳಗ ಬರ್ತಾರ. ನಾನೂ ನಿನ್ ಹೇಣತಿ ತವರಮನ್ಯಾಗ ಹಂಗ ಓದಿ ಬಂದೀನಿ."

"ಏನ್ ಓದಿದ್ರಿ ಅತ್ತಿ?" ಎಂದಳು ಹೆಂಡತಿ ಚಂದ್ರಕಲಾ, ಆಸೆಯಿಂದ.

"ನಿಮ್ಮ ಸ್ವಾದರಮಾವ ಕೊಟ್ಟಿದ್ದು ತೆಳ್ಳನ್ ತಪ್ಪೇಲಿ. ಆದ್ರೂ ಒಪ್ಪಿದೆ."

ಪಕ್ಕದ ಮನೆಯ ಜಮಾಲಸಾಬ, ಅಂದರೆ ಹಜರಾಬೀಯ ಗಂಡ, ಬಡಿಗ. ಅವನು ತಾನಾಗಿ ಬಂದು ಬೇವಿನ ಕಟ್ಟಿಗೆಯಲ್ಲಿ ಕಪಾಟು ಮಾಡಿಕೊಡುತ್ತೇನೆ ಎಂದ. ಶ್ರೀಮಂತನಿಗೆ ಕನಿಕರ ಉಕ್ಕಿತು. ಜಗತ್ತು ಒಂದು ಹಳ್ಳಿಯಾಗಿರುವ ಈ ಕಾಲದಲ್ಲಿ ಪಕ್ಕದ ಮನೆಯವನ ಹತ್ತಿರ ಕಪಾಟು ಮಾಡಿಸುವುದೇ? "ಕಾಕಾ, ಈಗ ಫ್ಯಾಕ್ಟರಿಯವರ ಜೋಡಿ ಡೈರೆಕ್ಟ್ ಮಾತಾಡಾಕ ಬರ್ತದ" ಎಂದು ಮೊಬೈಲು ತೋರಿಸಿದ. ಜಮಾಲಸಾಬ ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಾತಾಡು. ಮಾತಾಡಿದ್ದು ಗ್ವಾಡಿಗಿ ಕೂಡಸಾಕ ನನ್ನೇ ಕರೀತಿ" ಎಂದು ಹೋದ.

ಹೀಗೆ ಆರಂಭವಾಯಿತು ಶ್ರೀಮಂತನ ಸಾಗರೋತ್ತರ ಪತ್ರವ್ಯವಹಾರ. ವಿದೇಶಿ ತಯಾರಕರ ತಾಣವೊಂದರಲ್ಲಿ ಹೆಸರು ನೋಂದಾಯಿಸುವಾಗ ಕಂಪನಿಯ ಹೆಸರು ಕೇಳಿತು. 'ಶ್ರೀಮಂತ ಓವರ್‌ಸೀಸ್, ಸುರಪುರ' ಎಂದು ತುಂಬಿದ. ಹತ್ತಿರದ ಬಂದರು ಯಾವುದು ಎಂದು ಕೇಳಿತು. ಬಹಳ ಯೋಚಿಸಿ 'ಯಾದಗಿರಿ' ಎಂದು ಬರೆದ. (ರೈಲಿದೆಯಲ್ಲ!) ಮರುಗಳಿಗೆಯೇ ಚೀನಾದ ಫ್ಯಾಕ್ಟರಿಯೊಂದರಿಂದ ಲಿಲ್ಲಿ ಎಂಬಾಕೆಯ ಸಂದೇಶ ಬಂತು: "ಪ್ರಿಯ ಶ್ರೀಮಂತರೇ, ತಮ್ಮಂಥ ಗಣ್ಯ ಆಮದುದಾರರ ಪರಿಚಯ ನಮ್ಮ ಭಾಗ್ಯ. ತಿಂಗಳಿಗೆ ಎಷ್ಟು ಕಂಟೇನರು ಬೇಕಾಗಬಹುದು?"

ಸುರಪುರದಲ್ಲಿ ಅವನನ್ನು ಯಾರೂ ಗಣ್ಯ ಎಂದಿರಲಿಲ್ಲ. ಪ್ರಿಯ ಎಂದವಳು ಒಬ್ಬಳಿದ್ದಳು, ಅದೂ ಲಗ್ನದ ಹೊಸದರಲ್ಲಿ. ಅವಳೇ ಈಗ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಳು.

"ಯಾರಿಕಿ ಲಿಲ್ಲಿ?"

"ಫ್ಯಾಕ್ಟರಿಯಾಕಿ. ಕಪಾಟು ಮಾರ್ತಾಳ."

"ಕಪಾಟು ಮಾರಾಕ ಪ್ರಿಯ ಯಾಕ ಬೇಕು? ನಮ್ಮ ಜಮಾಲಸಾಬ ನಿಮಗ ಯಾವತ್ತರ ಪ್ರಿಯ ಅಂದಾನ?"

ವಿದೇಶಿ ವಾಣಿಜ್ಯದ ಶಿಷ್ಟಾಚಾರ ಇವಳಿಗೆ ಹೇಗೆ ತಿಳಿಯಬೇಕು! ಶ್ರೀಮಂತ ಎದೆ ಸೆಟೆಸಿ ಉತ್ತರಿಸಿದ: "ಸದ್ಯಕ್ಕೆ ಒಂದು ಅಡುಗೆಮನೆ. ಮುಂದೆ ಸಮಗ್ರ ಕಲ್ಯಾಣ ಕರ್ನಾಟಕಕ್ಕೆ ವಿಸ್ತರಿಸುವ ಆಲೋಚನೆಯಿದೆ. ಮೊದಲು ಸ್ಯಾಂಪಲ್ ಕಳಿಸಿ." ಲಿಲ್ಲಿ ಮೂರು ದಿನ ಮೌನವಾದಳು. ಬಹುಶಃ ನಕಾಶೆಯಲ್ಲಿ ಯಾದಗಿರಿ ಬಂದರನ್ನು ಹುಡುಕುತ್ತಿದ್ದಳು. ಕಡೆಗೆ ಮುಂಬಯಿವರೆಗೆ ಬೇರೆ ಯಾರದೋ ಮಾಲಿನ ಸಂದಿಯಲ್ಲಿ ತುರುಕಿ ಕಳಿಸುತ್ತೇನೆ, ಮುಂದಿನದು ನಿಮ್ಮದು ಎಂದಳು. ಈ ಬಾರಿ ಸಂಬೋಧನೆಯಲ್ಲಿ 'ಪ್ರಿಯ' ಇರಲಿಲ್ಲ. ಶ್ರೀಮಂತನ ಬೋನಸ್ಸು ಅಲ್ಲಿಗೆ ಸಮುದ್ರ ದಾಟಿತು.

ಕಪಾಟು ಬರುವುದರೊಳಗೆ ಜಾಗ ತೆರವಾಗಬೇಕಲ್ಲ. ಪರಸಿ ಹಲಗೆಗಳನ್ನು ಕೀಳಿಸಿ ಅಂಗಳಕ್ಕೆ ಹಾಕಿಸಿದ. (ಒಂದರ ಮೇಲೆ ಚಂದ್ರಕಲಾ ಬಟ್ಟೆ ಒಗೆಯಲು ಶುರುಮಾಡಿದಳು, ಇಡೀ ಪ್ರಕರಣದಲ್ಲಿ ಆದ ಏಕೈಕ ಲಾಭ ಅದು.) ಪಾತ್ರೆಗಳನ್ನೆಲ್ಲ ತಾತ್ಕಾಲಿಕವಾಗಿ ಹಜರಾಬೀಯ ಮನೆಗೆ ಸಾಗಿಸಿದರು. ತಾತ್ಕಾಲಿಕ ಎಂಬುದು ನೀರಾವರಿ ಕಾಲುವೆಯ ಕೆಲಸದಂತೆ ಮುಂದುವರಿಯಿತು. ಕಪಾಟು ಮುಂಬಯಿಯಲ್ಲಿ ಕೂತಿತು. ಸೊಲ್ಲಾಪುರದಲ್ಲಿ ಮಲಗಿತು. ಯುಗಾದಿ ಮುಗಿದು, ಬೀಗರು ಬರುವುದು ನಾಳೆ ಎನ್ನುವಾಗ, ಒಂದು ಟ್ರಾನ್ಸ್‌ಪೋರ್ಟ್ ಲಾರಿಯಿಂದ ಇಳಿಯಿತು. ಲಾರಿ ಬಂದದ್ದು ರಾಯಚೂರಿನಿಂದ! ಚಿಕ್ಕಂದಿನ ಸಿದ್ಧಾಂತ ಸುಳ್ಳಾಗಿರಲಿಲ್ಲ ಎಂದು ಶ್ರೀಮಂತನಿಗೆ ಕಣ್ಣು ತೇವವಾಯಿತು.

ಬಂದದ್ದು ಕಪಾಟಲ್ಲ, ಕಪಾಟಿನ ಹಲಗೆಗಳು. ಹಾಲಿನಷ್ಟು ಬಿಳಿ, ಕನ್ನಡಿಯಷ್ಟು ನುಣುಪು. ಒಂದು ಅರಿಶಿಣದ ಬೆರಳು ತಾಗಿದರೆ ಆಜೀವ ಸಾಕ್ಷಿ. ಹಿಡಿಕೆ ಇಲ್ಲ, ಒತ್ತಿದರೆ ಬಾಗಿಲು ತೆರೆಯುತ್ತದೆ, ಬಿಟ್ಟರೆ ತಾನಾಗಿ, ಸಾವಕಾಶವಾಗಿ, ಮುಚ್ಚಿಕೊಳ್ಳುತ್ತದೆ. ಮಲ್ಲಾಬಾಯಿ ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಒಳಗ ಯಾರರ ಕುಂತು ಜಗ್ತಾರೇನು?"

ಜಮಾಲಸಾಬನನ್ನು ಕರೆಯಲಾಯಿತು. ಅವನು 'ಕರೀತಿ ಅಂದಿದ್ದೆನಲ್ಲ' ಎಂಬ ಮುಖ ಹೊತ್ತು ಡ್ರಿಲ್ಲು ತಂದ. ಸುರಪುರದ ಕರಿಕಲ್ಲು ಅರಸರ ಕಾಲದ ತೋಪಿನ ಗುಂಡುಗಳನ್ನು ಕಂಡದ್ದು, ಡ್ರಿಲ್ಲಿಗೆ ಅಂಜುತ್ತದೆಯೇ? ಡ್ರಿಲ್ಲಿನ ಬಿಟ್‌ಗಳು ಒಂದರ ಹಿಂದೊಂದು ಮುಳ್ಳಿನಂತೆ ಮುರಿದವು. ಸಂಜೆಯವರೆಗೆ ಗುದ್ದಾಡಿ ಎರಡು ಮೊಳೆಯ ಮೇಲೆ ಮೇಲಿನ ಸಾಲನ್ನು ನೇತುಹಾಕಿದ.

"ಗಟ್ಟಿ ಅದ ಏನು ಕಾಕಾ?"

"ಖಾಲಿ ಇದ್ರ ಗಟ್ಟಿ ಅದ. ಒಳಗ ಏನರ ಇಟ್ರ ನನ್ನ ಕೇಳಬ್ಯಾಡ."

ಇಡಬೇಕೆಂದರೂ ಹಿಡಿಯುವಂತಿರಲಿಲ್ಲ. ಆ ಖಾನೆಗಳು ಚೀನಾದವರ ಚಪ್ಪಟೆ ತಟ್ಟೆಗಳಿಗಾಗಿ ಹುಟ್ಟಿದವು. ಅದರಲ್ಲಿ ಕೊಡದ ಕೊರಳು ಹೋದರೆ ಹೊಟ್ಟೆ ಹೋಗುತ್ತಿರಲಿಲ್ಲ. ರೊಟ್ಟಿಯ ಬುಟ್ಟಿಯಂತೂ ಬಾಗಿಲಲ್ಲೇ ನಿಂತಿತು. ತಂದವೆಲ್ಲ ಮರಳಿ ಹಜರಾಬೀಯ ಮನೆ ಸೇರಿದವು. ಭಾರತಿ ಅಣ್ಣನ ಹತ್ತಿರ ಬಂದು ಮೆಲ್ಲನೆ, ಹಲ್ಲು ಕಚ್ಚಿ ಹೇಳಿದಳು: "ಅಣ್ಣಾ, ನಾಳಿ ಈ ಸಂಬಂಧ ತಪ್ಪಿದ್ರ, ನಿನ್ನ ಮಡಚಿ ಇದರಾಗ ಇಡ್ತೀನಿ. ಬಾಗಲಾ ತಾನ ಮುಚ್ಕೊಳ್ತದ."

ಮರುದಿನ ಬೀಗರು ಬಂದರು. ದುರಗಪ್ಪ ಪಡಸಾಲೆಯಲ್ಲಿ ಕೂತು ಹತ್ತಿಯ ಧಾರಣೆ ಮಾತಾಡತೊಡಗಿದ. ಅವನ ಹೆಂಡತಿ ಮಾನಮ್ಮ ಕೂತ ಹಾಗೆ ಮಾಡಿ ಎದ್ದಳು. "ಬಿಸಲಾಗ ಬಂದೀವಿ, ಒಂದೀಟು ನೀರು ಕುಡೀತೀನಿ" ಎನ್ನುತ್ತ ನೇರ ಅಡುಗೆಮನೆಗೆ ನಡೆದಳು. ಮಲ್ಲಾಬಾಯಿ ಮಗನ ಕಡೆ ನೋಡಿದ ನೋಟಕ್ಕೆ ಕರಿಕಲ್ಲಿನಲ್ಲೂ ತೂತು ಬೀಳುತ್ತಿತ್ತು.

ಶ್ರೀಮಂತ ಹಿಂದೆಯೇ ಓಡಿ ವಿವರಣೆಗೆ ತೊಡಗಿದ. "ಇದು ಫಾರಿನ್‌ದರಿ ಅವ್ವಾರ. ಡೈರೆಕ್ಟ್ ಫ್ಯಾಕ್ಟರಿ."

ಮಾನಮ್ಮ ಬಿಳಿ ಗೋಡೆಯಂಥ ಆ ವಸ್ತುವನ್ನು ಮೇಲಿಂದ ಕೆಳಗೆ ನೋಡಿದಳು. ಓದಲು ಒಂದಕ್ಷರವಿಲ್ಲ. "ಭಾಂಡಿ ಎಲ್ಲ್ಯಾವ?"

"ಒಳಗದಾವ್ರಿ" ಎಂದುಬಿಟ್ಟ ಶ್ರೀಮಂತ. ಆ ಸುಳ್ಳಿಗೆ ಅವಸರವೇ ಕಾರಣ.

ಮಾನಮ್ಮನಿಗೆ ಮೊಣಕಾಲು ನೋವು. ನಿಂತಲ್ಲಿ ಆಸರೆಗೆಂದು ಕಪಾಟಿಗೆ ಅಂಗೈ ಊರಿದಳು. ಒತ್ತಿದರೆ ತೆರೆಯುವ ಬಾಗಿಲು ತನ್ನ ಧರ್ಮ ಪಾಲಿಸಿತು. ಖಾಲಿ. ಗಾಬರಿಯಾಗಿ ಪಕ್ಕದ್ದಕ್ಕೆ ಕೈ ಊರಿದಳು. ಅದೂ ತೆರೆಯಿತು. ಖಾಲಿ. ಮೂರನೆಯದರಲ್ಲಿ ಲಿಲ್ಲಿ ಕಳಿಸಿದ ಒಂದು ಮೊಳೆಪೊಟ್ಟಣ ಇತ್ತು. ಅಷ್ಟರಲ್ಲಿ ಮೇಲಿನ ಎರಡು ಮೊಳೆಗಳಲ್ಲಿ ಒಂದು 'ಟಿಣ್' ಎಂದು ಕಳಚಿ ಬಿತ್ತು. ಇಡೀ ಸಾಲು ಮುಂದಕ್ಕೆ ವಾಲಿತು. ಶ್ರೀಮಂತ ಹಾರಿ ಬೆನ್ನು ಕೊಟ್ಟು, ಎರಡೂ ಕೈ ಮೇಲೆತ್ತಿ ಹಿಡಿದ. ಗೋವರ್ಧನ ಎತ್ತಿದ ಭಂಗಿ. ಮುಖದ ಮೇಲೆ ನಗು ಮಾತ್ರ ಬೇರೆ ಯಾರದೋ.

"ಏನಾತಪಾ?"

"ಏನಿಲ್ರಿ. ನಾ ಹಿಂಗ ನಿಂದ್ರತೀನಿ. ರೂಢಿ ಅದ."

ಮಾನಮ್ಮನ ಮುಖ ಬಿಗಿಯಿತು. ಅವಳು ಪಡಸಾಲೆಯ ಕಡೆ ತಿರುಗಿ ಒಂದೇ ಮಾತು ಹೇಳಿದಳು: "ಏಳ್ರಿ. ಇವ್ರು ಭಾಂಡಿ ಮಾರ್ಕೊಂಡು ಕಪಾಟು ತಂದಾರ."

ಪಡಸಾಲೆಯಲ್ಲಿ ಚಹದ ಕಪ್ಪುಬಸಿ ಕೆಳಗಿಡುವ ಸದ್ದು ಕೇಳಿಸಿತು. ಬಾಗಿಲ ಮರೆಯಲ್ಲಿ ಭಾರತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣನನ್ನು ಮಡಚುವ ಕೋಪವೂ ಅವಳ ಕಣ್ಣಲ್ಲಿ ಉಳಿದಿರಲಿಲ್ಲ, ಬರೀ ನೀರಿತ್ತು. ಅದನ್ನು ನೋಡಿದ ಶ್ರೀಮಂತನಿಗೆ ತಲೆಯ ಮೇಲಿನ ಕಪಾಟು ಎರಡರಷ್ಟು ಭಾರವಾಯಿತು. ಬಿಟ್ಟು ಓಡಿಬಂದು ಬೀಗರ ಕಾಲು ಹಿಡಿಯಬೇಕೆಂದರೆ, ಬಿಟ್ಟರೆ ಮಾನಮ್ಮನ ಮೇಲೇ ಬೀಳುತ್ತದೆ.

"ಮಾರಿಲ್ರೀ ಅವ್ವಾರ! ಹಜರಾಬೀ ಮನ್ಯಾಗ ಇಟ್ಟೀವಿ!" ಎಂದು ಕೂಗಿದ.

"ಮಾರಿಲ್ಲ ಅಂದ್ರ ಒತ್ತಿ ಇಟ್ಟೀರಿ?"

ಮಲ್ಲಾಬಾಯಿಗೆ ಅಷ್ಟು ಸಾಕಾಯಿತು. ಅರವತ್ತರ ಆಕೆ ಮಾನಮ್ಮನ ಮುಂಗೈ ಹಿಡಿದು, "ಬಾಯವ್ವ. ಕಣ್ಣೀಲೆ ನೋಡಿ ಆಮ್ಯಾಲ ಹೋಗು" ಎಂದು ಹಿತ್ತಲ ಬಾಗಿಲಿನಿಂದ ಎಳೆದುಕೊಂಡೇ ಹೋದಳು. ಹಿಂದೆ ಚಂದ್ರಕಲಾ, ಅವಳ ಹಿಂದೆ ಭಾರತಿ. ಏನೆಂದು ತಿಳಿಯದ ದುರಗಪ್ಪನೂ ಎದ್ದು ಹೋದ. ಮನೆಯಲ್ಲಿ ಶ್ರೀಮಂತ ಮತ್ತು ಅವನ ಆಮದು ಮಾತ್ರ ಉಳಿದರು.

ಮುಂದಿನದನ್ನೆಲ್ಲ ಅವನು ಗೋಡೆಯಾಚೆಯಿಂದ ಕೇಳಿಯೇ ತಿಳಿಯಬೇಕಾಯಿತು. ಮೊದಲು ಹಜರಾಬೀಯ ಗಂಟಲು: "ಒತ್ತಿ ಯಾಕ ಇಡ್ತಾರ ತಾಯಿ! ನಮ್ಮ ಭಾಂಡಿ ಮಂಚದ ಬುಡಕ ಹಾಕಿ, ಇವ್ರ ಭಾಂಡಿ ಮ್ಯಾಲ ಇಟ್ಟೀನಿ. ದಿನಾ ತಿಕ್ಕಾಕಿನೂ ನಾನೇ!" ಆಮೇಲೆ ಪಾತ್ರೆ ತಿರುಗಿಸುವ ಸಪ್ಪಳ. ಮಾನಮ್ಮ ಓದತೊಡಗಿದಳು. "ವಡಗೇರಾ... ಹೂಂ, ನಿಮ್ಮ ಸ್ವಾದರಮಾವ? ವನದುರ್ಗ... ಇದು ಯಾರು?" ಒಂದೊಂದಕ್ಕೂ ಮಲ್ಲಾಬಾಯಿ ಸಂಬಂಧ ಬಿಡಿಸುತ್ತಿದ್ದಳು. ಶ್ರೀಮಂತನ ಕೈ ಮರಗಟ್ಟಿತು. ಮೂಗು ತುರಿಸಿತು. ಮೂಗನ್ನು ತೋಳಿಗೆ ಉಜ್ಜಿಕೊಂಡ.

ಇದ್ದಕ್ಕಿದ್ದಂತೆ ಮಾನಮ್ಮನ ದನಿ, ಬೇರೆಯದೇ ದನಿ: "ಯವ್ವಾ, ಇದು ನಮ್ಮ ಅವ್ವನ ಹೆಸರು! ಈ ಚರಗಿ ನಮ್ಮವ್ವ ಕೊಟ್ಟಿದ್ದು!"

"ಹೌದವ್ವ. ನನ್ನ ಲಗ್ನದಾಗ. ಆಕಿ ನಮ್ಮ ಅತ್ತಿಯವ್ರ ಗೆಳತಿ ಆಗಬೇಕು. ನಿನಗ ಹೇಳಬೇಕಂತಿದ್ದೆ, ಅಷ್ಟರಾಗ ನನ್ ಮಗ ಕಪಾಟು ತೋರಸಾಕತ್ತಿದ್ದ."

ಮೂಗು ಸೇದುವ ಸದ್ದು. ಒಬ್ಬರದೋ ಇಬ್ಬರದೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹಜರಾಬೀ ಸಕ್ಕರೆ ಡಬ್ಬಿ ತೆಗೆದಳು. ಸುರಪುರದ ಇತಿಹಾಸದಲ್ಲಿ ಹೆಣ್ಣಿನ ಮನೆ ಬಿಟ್ಟು ಪಕ್ಕದ ಮನೆಯ ಅಡುಗೆಮನೆಯಲ್ಲಿ ಸಂಬಂಧ ಕುದುರಿದ್ದು ಬಹುಶಃ ಅದೇ ಮೊದಲು. ಹೆಣ್ಣಿನ ಅಣ್ಣ ಗೋಡೆಗೆ ಬೆನ್ನು ಹಚ್ಚಿ ನಿಂತು ಅದಕ್ಕೆ ಒಪ್ಪಿಗೆ ಕೊಟ್ಟದ್ದೂ ಅದೇ ಮೊದಲು. (ಅವನ ಒಪ್ಪಿಗೆ ಯಾರೂ ಕೇಳಿರಲಿಲ್ಲ.)

ಹೊರಡುವಾಗ ಮಾನಮ್ಮ ಅಡುಗೆಮನೆಗೆ ಇಣುಕಿದಳು. ಅವನು ಅದೇ ಭಂಗಿಯಲ್ಲಿದ್ದ. ಹಣೆಯ ಬೆವರು ಗಲ್ಲಕ್ಕೆ ಇಳಿದಿತ್ತು. ಜಮಾಲಸಾಬನನ್ನು ಕರೆಯಲು ಹೋದ ಚಂದ್ರಕಲಾ, ಅವನು ಸಕ್ಕರೆ ತಿನ್ನುತ್ತಿದ್ದಾನೆ, ಮುಗಿಸಿ ಬರುತ್ತಾನಂತೆ ಎಂಬ ಸುದ್ದಿ ತಂದಿದ್ದಳು.

ಮಾನಮ್ಮ ಅವನ ಬಾಯಿಗೂ ಒಂದು ಚಿಟಿಕೆ ಸಕ್ಕರೆ ಹಾಕಿದಳು. "ತಿನ್ನಪಾ. ಲಗ್ನ ಗಟ್ಟಿ ಆತು. ಇದೇ ತಿಂಗಳ ಕೊನಿಗಿ."

ಸುಮ್ಮನೆ ನುಂಗಿದ್ದರೆ ಆಗುತ್ತಿತ್ತು. ಆದರೆ ಬೋನಸ್ಸು ಕಳೆದುಕೊಂಡು, ಬೆನ್ನು ಕೊಟ್ಟು ನಿಂತವನಿಗೆ ಒಂದಿಷ್ಟಾದರೂ ಪಾಲು ಬೇಡವೇ? ಸಕ್ಕರೆ ಬಾಯಲ್ಲಿಟ್ಟುಕೊಂಡೇ ಕೇಳಿದ: "ಇಷ್ಟು ಲಗೂನ ಇಟ್ಟೀರಲ್ರಿ ಅವ್ವಾರ. ಖರೇ ಹೇಳ್ರಿ. ನಮ್ಮ ಕಪಾಟಿಂದು ಒಂದೀಟರ ಪ್ರಭಾವ ಆಗ್ಯಾದ ಹೌದಲ್ಲ?"

"ಆಗ್ಯಾದ" ಎಂದಳು ಮಾನಮ್ಮ. "ವರ್ಷ ಬಿಟ್ಟು ಮಾಡೋಣ ಅಂತ ಬಂದಿದ್ವಿ. ಇನ್ನೊಂದು ವರ್ಷ ನಿನ್ ಕೈಯಾಗ ಬಿಟ್ರ, ಹುಡುಗೀನೂ ತಗೊಂಡು ಹೋಗಿ ಹಜರಾಬೀ ಮನ್ಯಾಗ ಇಡಾವ ನೀನು."