ಗುಡ್ಡ ನೋಡಲು ಹೋಗಿ ಗುಣವಾಗಿ ಬಂದೆ

ಕಾರಣವಿಲ್ಲದೆ ಊರು ಬಿಟ್ಟು ಹೋಗುವುದು ನಮ್ಮ ಕಡೆ ಎಷ್ಟು ಕಷ್ಟ ಎಂಬುದು ಹಾಗೆ ಹೊರಟವನಿಗಷ್ಟೇ ಗೊತ್ತು. ಬಾಣಂತನಕ್ಕೆ ಹೋಗಬಹುದು, ಸತ್ತವರ ಮನೆಗೆ ಹೋಗಬಹುದು, ಕೋರ್ಟಿಗೆ ಹೋಗಬಹುದು, ದೇವರಿಗೆ ಹೋಗಬಹುದು. ಇವು ಯಾವುವೂ ಅಲ್ಲದೆ, 'ಒಂದು ಜಾಗ ಚೆಂದ ಇದೆಯಂತೆ, ಸುಮ್ಮನೆ ನೋಡಿಕೊಂಡು ಬರುತ್ತೇನೆ' ಎಂದರೆ ಜನ ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಕನಿಕರದಿಂದ ನಿಮ್ಮ ಹೆಂಡತಿಯ ಮುಖ ನೋಡುತ್ತಾರೆ. ನಾನು ಈ ತಪ್ಪನ್ನು ಜನ್ಮದಲ್ಲಿ ಒಂದೇ ಸಲ ಮಾಡಿದ್ದೇನೆ. ಅದರಿಂದ ನನ್ನ ತಂಗಿಯ ಮದುವೆ ಮುರಿದು ಬೀಳುವುದಿತ್ತು.

ಆಗ ನಾನು ಭಾಲ್ಕಿಯ ಸರಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ರಾಜ್ಯ ಭಾರತಕ್ಕೆ ಸೇರಿ ಎರಡು ಮೂರು ವರ್ಷಗಳಾಗಿದ್ದವು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಉರ್ದುವಿನಲ್ಲೇ ಪಾಠ ಹೇಳುತ್ತಿದ್ದ ನನ್ನಂಥವರಿಗೆ, ಇನ್ನು ಮೇಲೆ ಕನ್ನಡದಲ್ಲಿ ಕಲಿಸಿರೆಂದು ಹುಕುಂ ಬಂದಿತ್ತು. ಹುಟ್ಟಿದಾಗಿನಿಂದ ಮನೆಯಲ್ಲಿ ಆಡಿದ ಭಾಷೆಯೇ ಹೌದು. ಆದರೆ ಪುಸ್ತಕದೊಳಗೆ ಹೊಕ್ಕ ಕೂಡಲೇ ಅದು ಪಟ್ಟಣಕ್ಕೆ ಹೋಗಿ ಬಂದ ನೆಂಟರ ಹಾಗೆ ನನ್ನ ಗುರುತೇ ಇಲ್ಲದಂತೆ ನಡೆದುಕೊಳ್ಳುತ್ತಿತ್ತು. ಭೂಗೋಳದ ಹೊಸ ಪುಸ್ತಕದಲ್ಲಿ 'ಗಿರಿಧಾಮ' ಎಂಬ ಶಬ್ದ ಕಂಡು, ಯಾವುದೋ ಮಠದ ಹೆಸರಿರಬೇಕೆಂದು ನಾನು ಎರಡು ದಿನ ನಂಬಿದ್ದೆ. ಅರ್ಥ ತಿಳಿದ ಮೇಲೆ ಮಾತ್ರ ನನ್ನನ್ನು ಹಿಡಿಯುವವರಿರಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ, ಮೋಡಗಳು ಹೇಗೆ ಕಾಲಿಗೆ ತೊಡರುತ್ತವೆ, ಗಾಳಿ ಹೇಗೆ ಮೈ ತಡವುತ್ತದೆ ಎಂದು ಕೈ ಬೀಸಿ ಬೀಸಿ ಪಾಠ ರೂಢಿ ಮಾಡುತ್ತಿದ್ದೆ.

ಜೋಳ ಹಸನು ಮಾಡುತ್ತ ಕೂತಿದ್ದ ನನ್ನ ಹೆಂಡತಿ ಶಾಂತಾ ತಲೆ ಎತ್ತದೆಯೇ ಕೇಳಿದಳು, "ಇಷ್ಟೆಲ್ಲ ಹೇಳ್ತೀರಲ್ರಿ, ಒಂದರೆ ನೋಡೀರೇನು?"

"ಸೂರ್ಯನ ಪಾಠಾನೂ ಹೇಳ್ತೇನಿ. ಸೂರ್ಯನ ಮ್ಯಾಲ ಹೋಗಿ ಬಂದೀನೇನು?" ಎಂದೆ.

"ಸೂರ್ಯ ದಿನಾ ತಾನೇ ಬಾಗಲಿಗಿ ಬರ್ತಾನ್ರಿ. ಗುಡ್ಡ ಬರಂಗಿಲ್ಲ. ನಾವೇ ಹೋಗಬೇಕು," ಎಂದಳು.

ಮಾತು ನನ್ನನ್ನು ಚುಚ್ಚಿತೋ, ಅವಳ ಆಸೆಯೇ ಅದರೊಳಗೆ ಅಡಗಿತ್ತೋ, ಈಗ ಹೇಳಲಾರೆ. ಅಂತೂ ಅನಂತಗಿರಿಗೆ ಹೋಗುವುದೆಂದು ತೀರ್ಮಾನವಾಯಿತು. ಭಾಲ್ಕಿಯಲ್ಲಿ ರೈಲು ಹತ್ತಿದರೆ ಬೀದರ ದಾಟಿ ನೇರ ವಿಕಾರಾಬಾದಿಗೆ ಇಳಿಯಬಹುದು. ಅಲ್ಲಿಂದ ಟಾಂಗಾದಲ್ಲಿ ಗುಡ್ಡ. ಮೇಲೆ ಕಾಡು, ತಂಪು ಗಾಳಿ, ಒಂದು ಹಳೆಯ ಗುಡಿ. ಅದೇ ಗುಡ್ಡದ ಮೇಲೆ ಕ್ಷಯರೋಗದವರ ದವಾಖಾನೆಯೂ ಇದೆಯೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಬೀದರಕ್ಕೆ ಹೋಗುವವರೆಲ್ಲ ಜೈಲಿಗೇ ಹೋಗುತ್ತಾರೆಯೇ?

ನಮ್ಮ ಮನೆಯಲ್ಲಿ ಅವ್ವ, ತಂಗಿಯ ಜೊತೆ ಗುಂಡಮ್ಮತ್ತಿಯೂ ಇದ್ದಳು. ನನ್ನ ತಂದೆಯ ಅಕ್ಕ, ಔರಾದ ತಾಲೂಕಿನ ಎಕಂಬಾದವಳು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಅವಳಿಗೆ ವಿಷಯ ಹೇಳಿದೆ.

"ಗುಡ್ಡದಾಗ ಯಾರ ಅದಾರೋ?" ಎಂದು ಕೇಳಿದಳು.

"ಯಾರೂ ಇಲ್ಲತ್ತಿ. ಗುಡ್ಡಾನೇ ನೋಡಿ ಬರಾದು."

"ಯಾಕ, ಗುಡ್ಡಕ್ಕ ಮೈಯಾಗ ಆರಾಮಿಲ್ಲೇನು?"

ನಾನು ನಕ್ಕೆ. ಆ ಮಾತಿನಲ್ಲಿ ಮುಂದೆ ಬರುವುದರ ವಾಸನೆ ಹಿಡಿಯುವಷ್ಟು ಬುದ್ಧಿ ನನಗಿರಲಿಲ್ಲ. ಮಾರನೆಯ ದಿನದಿಂದ ಭಾಲ್ಕಿಯ ಜನ ನನ್ನನ್ನು ವಿಶೇಷವಾಗಿ ಕಾಣತೊಡಗಿದರು. ಪಕ್ಕದ ಮನೆಯ ಬಸಮ್ಮ ಒಂದು ತಂಬಿಗೆ ಆಡಿನ ಹಾಲು ತಂದು, ಹೊಸ್ತಿಲಾಚೆಯೇ ಇಟ್ಟು, "ಕಾಸಿ ಕುಡೀರಿ ಮಾಸ್ತರ, ದೇವರು ದೊಡ್ಡವ ಅದಾನ" ಎಂದಳು. ಕ್ಷೌರದವನು ನನ್ನೊಬ್ಬನಿಗಾಗಿ ಕತ್ತಿಯನ್ನು ಕುದಿಯುವ ನೀರಿನಲ್ಲಿ ಅದ್ದಿದ. ಹೆಡ್‌ಮಾಸ್ತರರ ಬಳಿ ಅಂಜುತ್ತ ಅಂಜುತ್ತ ನಾಲ್ಕು ದಿನದ ರಜೆ ಕೇಳಿದರೆ, ಅವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ನಾಕೇ ದಿನ ಯಾಕ್ರಿ, ಹದಿನೈದು ತಗೋರಿ. ಮತ್ತ ಬೇಕಾದ್ರ ಅಲ್ಲಿಂದೇ ಬರದು ಕಳಸ್ರಿ. ನೌಕರಿ ಎಲ್ಲೂ ಹೋಗಂಗಿಲ್ಲ, ನಿಮ್ಮ ಮಕ್ಕಳಿಗಿ ನಾವೆಲ್ಲ ಇದ್ದೀವಿ" ಎಂದರು. ನನಗೆ ಇನ್ನೂ ಮಕ್ಕಳೇ ಆಗಿರಲಿಲ್ಲ. ಆದರೂ, ಭೂಗೋಳದ ಮೇಲೆ ನಮ್ಮ ಜನಕ್ಕೆ ಇಷ್ಟು ಭಕ್ತಿ ಇದೆಯಲ್ಲ ಎಂದು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ಉಬ್ಬಿದ ಎದೆಯನ್ನು ಕಂಡು ದಾರಿಯಲ್ಲಿ ಇಬ್ಬರು ಪಕ್ಕಕ್ಕೆ ಸರಿದರು.

ಸತ್ಯ ಗೊತ್ತಾದದ್ದು ನೌಬಾದದಿಂದ. ಬೀದರದ ಅಂಚಿಗಿರುವ ಆ ಊರಿನ ಬಟ್ಟೆ ವ್ಯಾಪಾರಿ ಚಂದ್ರಪ್ಪನವರ ಮಗನಿಗೆ ನನ್ನ ತಂಗಿ ನೀಲಾಳನ್ನು ಕೊಡುವ ಮಾತು ಅರ್ಧ ಮುಗಿದಿತ್ತು. ಅವರ ಕಡೆಯಿಂದ ಒಬ್ಬರು ಬಂದು, ಬಾಗಿಲಲ್ಲಿ ನಿಂತೇ ಹೇಳಿದರು, "ಮಾಸ್ತರ್ ತಬಿಯತ್ ಸುಧಾರಿಸ್ಲಿ, ಆಮ್ಯಾಲ ನೋಡಮು ಅಂದಾರ್ರಿ ಸಾವಕಾರ್ರು. ಎದಿ ಬೀಮಾರಿ ಮನಿತನದಾಗ ಇಳದು ಬರ್ತದ ಅಂತಾರ್ರಿ."

ಅವರು ಹೋದ ಮೇಲೆ ನೀಲಾ ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತು, ಆಗಲೇ ಆರಿಸಿಟ್ಟಿದ್ದ ಅಕ್ಕಿಯಲ್ಲಿ ಮತ್ತೆ ಕಲ್ಲು ಹುಡುಕತೊಡಗಿದಳು. ತಂದೆ ಇಲ್ಲದ ಹುಡುಗಿ. ನಿಜಾಮರ ರಾಜ್ಯ ಕೊನೆಯಾಗುವಾಗಿನ ಆ ಗಲಾಟೆಯ ವರ್ಷಗಳಲ್ಲಿ ಎರಡು ಸಂಬಂಧ ಹೀಗೆಯೇ ತಪ್ಪಿಹೋಗಿದ್ದವು. ಮೂರನೆಯದನ್ನು ನಾನು ಒಂದು ಶಬ್ದದ ಅರ್ಥಕ್ಕಾಗಿ ತಪ್ಪಿಸಿದ್ದೆ. ನನಗೆ ಆ ಹೊತ್ತಿಗೆ ನಿಜವಾಗಿಯೂ ಎದೆಯಲ್ಲಿ ನೋವು ಬಂತು.

"ಹೋಗಾದೇ ಬ್ಯಾಡ," ಎಂದೆ.

"ಹೋಗ್ಲಿಲ್ಲಂದ್ರ ಏಳಲಿಕ್ಕೂ ಆಗವಲ್ದು ಅಂತಾರ. ಹೋದ್ರ ದವಾಖಾನಿಗಿ ಸೇರಸ್ಯಾರ ಅಂತಾರ," ಎಂದಳು ಗುಂಡಮ್ಮತ್ತಿ. ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದು ಯೋಚಿಸಿದಳು. "ಆ ಚಂದ್ರಪ್ಪಗೇ ಸಂಗಟ ಕರಕೊಂಡು ಹೋಗಮು. ಅವನ ಕಣ್ಣೆದುರೇ ನೀ ಗುಡ್ಡ ಏರು. ಎದಿ ಕೆಟ್ಟಾವ ಗುಡ್ಡ ಏರ್ತಾನೇನು? ನಾನೂ ಬರ್ತೇನಿ, ನಡಿ."

ಹೀಗೆ ನನ್ನ ವಿಹಾರ ಪರೀಕ್ಷೆಯಾಯಿತು. ನೀಲಾಳನ್ನು ಅವ್ವನ ಬಳಿ ಬಿಟ್ಟು ನಾವು ಮೂವರು ರೈಲು ಹತ್ತಿದೆವು. ಅತ್ತಿ ಹೇಳಿ ಕಳಿಸಿದ್ದಂತೆ ಬೀದರ ಸ್ಟೇಶನ್ನಿನಲ್ಲಿ ಚಂದ್ರಪ್ಪನವರು ಹತ್ತಿದರು. ಭಾರಿ ಆಳು, ಕೆಂಪು ರುಮಾಲು, ಕೈಯಲ್ಲಿ ನಶ್ಯದ ಡಬ್ಬಿ. ನನಗೆ ದೂರದಿಂದಲೇ ಶರಣು ಹೇಳಿ, ಬೋಗಿಯ ಇನ್ನೊಂದು ತುದಿಯ ಕಿಟಕಿಯ ಬಳಿ ಕೂತು, ಶಲ್ಯದಿಂದ ಮೂಗು ಮುಚ್ಚಿಕೊಂಡು ನನ್ನನ್ನೇ ನೋಡತೊಡಗಿದರು.

ಕೆಮ್ಮಬಾರದು ಎಂದು ತೀರ್ಮಾನಿಸಿದ ಮನುಷ್ಯನಿಗೆ ಬರುವಂಥ ಕೆಮ್ಮು ಲೋಕದಲ್ಲಿ ಇನ್ನಾರಿಗೂ ಬರಲಾರದು. ಶಾಂತಾ ಕೊಟ್ಟ ಚೂಡಾ ಅವಲಕ್ಕಿಯಲ್ಲಿನ ಶೇಂಗಾದ ಸಿಪ್ಪೆಯೊಂದು ಗಂಟಲಲ್ಲಿ ಅಂಟಿಕೊಂಡಿತು. ಉಸಿರು ಬಿಗಿಹಿಡಿದೆ. ಕಣ್ಣಲ್ಲಿ ನೀರು ಇಳಿಯಿತು.

"ಯಾಕ್ರಿ ಮಾಸ್ತರ, ಅಳ್ಳತ್ತೀರಿ?" ಎಂದರು ಚಂದ್ರಪ್ಪನವರು.

"ನಿಸರ್ಗ ನೋಡಿ... ತಡಕೊಳ್ಳಾಕ ಆಗವಲ್ದು," ಎಂದೆ. ರೈಲು ಆಗ ಜಹೀರಾಬಾದಿನ ಸ್ಟೇಶನ್ನಿನಲ್ಲಿ, ಒಂದು ಕಲ್ಲಿದ್ದಲ ರಾಶಿಯ ಎದುರು ನಿಂತಿತ್ತು.

ವಿಕಾರಾಬಾದಿನಲ್ಲಿ ಟಾಂಗಾದವನು ನಮ್ಮ ನಾಲ್ವರನ್ನೂ ಒಮ್ಮೆ ನೋಡಿ, "ಮರೀಜ್ ಕೌನ್ ಹೈ?" ಎಂದು ಕೇಳಿದ. ರೋಗಿ ಯಾರೂ ಇಲ್ಲ, ಸುಮ್ಮನೆ ತಿರುಗಾಡಲು ಬಂದಿದ್ದೇವೆ ಎಂದು ನನ್ನ ಉತ್ತಮ ಉರ್ದುವಿನಲ್ಲಿ ವಿವರಿಸಿದೆ. ಎಲ್ಲರೂ ಮೊದಲ ದಿನ ಹಾಗೆಯೇ ಹೇಳುತ್ತಾರೆ ಸಾಹೇಬರೇ ಎಂದು ಅವನು ಸಮಾಧಾನ ಮಾಡಿದ. ಏರು ಶುರುವಾದಲ್ಲಿ ಕುದುರೆ ನಿಂತುಬಿಟ್ಟಿತು. ಗಂಡಸರು ಇಳಿಯಬೇಕೆಂದ. ಗಂಡಸರಿಗಿಂತ ಮೊದಲು ಇಳಿದವಳು ಗುಂಡಮ್ಮತ್ತಿ. ಕಚ್ಚೆ ಬಿಗಿದು, ಹೊಲಕ್ಕೆ ಹೋಗುವವಳಂತೆ ಸರಸರನೆ ಮುಂದೆ ನಡೆದಳು. ಶಾಂತಾಳೂ ಇಳಿದು ಅವಳ ಹಿಂದೆ ಹೋದಳು. ಮಳೆಗಾಲ ಆಗಷ್ಟೇ ಮುಗಿದಿತ್ತು. ಎರಡೂ ಕಡೆ ಕಾಡು ದಟ್ಟವಾಗಿತ್ತಂತೆ, ಹಕ್ಕಿಗಳು ಕೂಗುತ್ತಿದ್ದವಂತೆ. ನಾನು ನೋಡಿದ್ದು ನನ್ನ ಕಾಲಲ್ಲಿನ ಕೆರಗಳನ್ನು ಮಾತ್ರ. ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿ ಚಂದ್ರಪ್ಪನವರು ನನ್ನ ಉಸಿರನ್ನು ಆಲಿಸುತ್ತ ಬರುತ್ತಿದ್ದರು.

"ಇದೇನ್ ಹವಾರಿ? ನಮ್ಮ ನೌಬಾದದಾಗ ಇದಕ್ಕಿಂತ ಛಲೋ ಹವಾ ಅದ," ಎಂದು ಅವರು ನಡುನಡುವೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಅವರಿಗೇ ಏದುಸಿರು ಹತ್ತಿತು. ದವಾಖಾನೆಯ ಹೆಂಚಿನ ಕಟ್ಟಡಗಳು ಕಂಡ ಕೂಡಲೇ ಅವರಿಗೆ ಗಾಬರಿಯಾಯಿತು. ರೋಗದ ಗಾಳಿ ಮೂಗಿಗೆ ಸೇರಬಾರದೆಂದು ಒಂದು ದೊಡ್ಡ ಚಿಟಿಕೆ ನಶ್ಯ ಏರಿಸಿದರು. ಅದೇ ಹೊತ್ತಿಗೆ ಗಾಳಿ ಬೀಸಿ, ತೆರೆದಿದ್ದ ಡಬ್ಬಿಯ ನಶ್ಯವೆಲ್ಲ ಅವರ ಮುಖಕ್ಕೇ ರಾಚಿತು. ಆಮೇಲೆ ಅವರು ಕೆಮ್ಮಿದ್ದನ್ನು ವರ್ಣಿಸುವ ಕನ್ನಡ ನನಗೆ ಇನ್ನೂ ಬಂದಿಲ್ಲ. ಗಿಡಗಳ ಮೇಲಿನ ಮಂಗಗಳು ಓಡಿಹೋದವು. ಚಂದ್ರಪ್ಪನವರು ರಸ್ತೆಯ ಮೇಲೆ ಕುಸಿದು ಕೂತರು.

ಒಳಗಿನಿಂದ ಇಬ್ಬರು ಆಳುಗಳು ಸ್ಟ್ರೆಚರ್ ಹಿಡಿದು ಓಡಿಬಂದು, ಒಂದು ಮಾತೂ ಕೇಳದೆ ಅವರನ್ನು ಎತ್ತಿ ಮಲಗಿಸಿ ಹೊತ್ತುಕೊಂಡು ನಡೆದರು.

"ನಾ ಅಲ್ಲ! ಮಾಸ್ತರ! ಬೀಮಾರ ಮಾಸ್ತರ!" ಎಂದು ಅವರು ಮಲಗಿದಲ್ಲಿಂದಲೇ ನನ್ನತ್ತ ಕೈ ಮಾಡಿ ಕೂಗಿದರು.

"ನಾನೂ ಅಲ್ಲ!" ಎಂದು ಕೂಗುತ್ತ ನಾನು ಹಿಂದೆ ಓಡಿದೆ. ಓಡಿದ್ದಕ್ಕೆ ನನಗೂ ಕೆಮ್ಮು ಬಂತು. ಬೆಳಗಿನಿಂದ ಕೂಡಿಟ್ಟದ್ದೆಲ್ಲ ಒಮ್ಮೆಲೇ ಬಂತು. ನನ್ನನ್ನೂ ಒಳಗೆ ಕರೆದುಕೊಂಡರು.

ದೇವರ ದಯೆ, ಅಲ್ಲಿನ ನರ್ಸು ನಮ್ಮ ಬೀದರದವಳು. ಮೆಥಡಿಸ್ಟ್ ಕ್ರೈಸ್ತ ಮನೆತನದ ಸುಗುಣಾಬಾಯಿ. "ನಮಗ ಏನೂ ಆಗಿಲ್ಲ ತಾಯಿ, ಗುಡ್ಡ ನೋಡಲಿಕ್ಕ ಬಂದೀವಿ" ಎಂದು ನಾವಿಬ್ಬರೂ ಒಂದೇ ದನಿಯಲ್ಲಿ ಬೇಡಿಕೊಂಡೆವು.

"ಗುಡ್ಡ ಆಮ್ಯಾಲ ನೋಡ್ರಿ ಕಾಕಾ. ಮೊದಲು ಅಂಗಿ ಬಿಚ್ಚರಿ," ಎಂದಳು ಅವಳು.

ಒಂದೇ ಬೆಂಚಿನ ಮೇಲೆ ನಾವು, ಆಗಬೇಕಾದ ಬೀಗರು, ಬರಿಮೈಯಲ್ಲಿ ಪಕ್ಕಪಕ್ಕ ಕೂತೆವು. ಡಾಕ್ಟರರು ಬಂದು ಇಬ್ಬರ ಎದೆ ಬೆನ್ನಿಗೂ ಕೊಳವೆ ಇಟ್ಟು ಕೇಳಿ, ಬೆರಳಿನಿಂದ ತಟ್ಟಿ ನೋಡಿ, ಅವಳಿಗೆ ಏನೋ ಹೇಳಿ ನಕ್ಕು ಹೋದರು. "ಮಾಸ್ತರ ಎದಿ ಗಟ್ಟಿ ಅದ. ಕಾಕಾ, ನಿಮ್ಮದೂ ಗಟ್ಟಿನೇ ಅದ. ಆ ನಶ್ಯ ಒಂದು ಬಿಡ್ರಿ," ಎಂದು ಸುಗುಣಾಬಾಯಿ ಡಬ್ಬಿಯನ್ನು ಕಸಿದುಕೊಂಡಳು.

ಹೊರಗೆ ಬಂದು ನೋಡಿದರೆ ಅತ್ತಿ ಇಲ್ಲ. ಹುಡುಕಿದಾಗ ಅಂಗಳದ ಆಚೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ನಾಲ್ಕು ಮಾರು ದೂರದ ಬಿಸಿಲಿನಲ್ಲಿ ಮಂಚದ ಮೇಲೆ ಒಬ್ಬ ಹೆಣ್ಣುಮಗಳು ಮಲಗಿದ್ದಳು. ಔರಾದ ಕಡೆಯವಳಂತೆ. ಬಂದು ಆರು ತಿಂಗಳಾಗಿತ್ತು, ಮನೆಯ ಮಂದಿ ಬಂದು ಹೋಗಿ ಬಹಳ ದಿನವಾಗಿತ್ತು. ಅತ್ತಿ ಗಟ್ಟಿ ದನಿಯಲ್ಲಿ ಎಕಂಬಾದ ಯಾರ ಎಮ್ಮೆ ಈದಿದೆ, ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ ಎಂದೆಲ್ಲ ಹೇಳುತ್ತಿದ್ದಳು. ಆ ಹೆಂಗಸು ಕಣ್ಣು ಮುಚ್ಚಿಕೊಂಡು, ನಗುತ್ತ, ಕೇಳುತ್ತಿದ್ದಳು. ನಾವು ಹೊರಟಾಗ ಅವಳೇ ಕೈ ಎತ್ತಿ ತೋರಿಸಿದಳು, "ಆ ಬಂಡಿಗಲ್ಲಿನ ತನಕ ಹೋಗ್ರಿ. ಅಲ್ಲಿಂದ ಭಾಳ ಛಂದ ಕಾಣ್ತದ. ನನಗ ಆರಾಮ ಇದ್ದ ದಿನ ಅಲ್ಲಿಗಿ ಹೋಗಿ ಕೂಡ್ತೇನಿ."

ಅಲ್ಲಿಗೆ ಹೋಗಿ ನಿಂತೆವು. ಗುಡ್ಡದ ಕೆಳಗೆ ಕಾಡು, ಅದರಾಚೆ ಹಸಿರು ಹೊಲಗಳು, ಒಂದು ಕೆರೆ, ಎಲ್ಲದರ ಮೇಲೆ ತೆಳ್ಳಗೆ ಮಂಜು. ಶಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತ ನಿಂತಳು. ಅತ್ತಿ ಕೆಳಗಿನ ಹೊಲಗಳ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು.

"ಆ ಗಲಾಟಿ ವರ್ಷ ಊರು ಬಿಟ್ಟು ನಾಕು ದಿನ ನಡದಿದ್ದೀವಿ. ಗುಡ್ಡ ಬಂತು, ಹಳ್ಳ ಬಂತು. ಒಂದೂ ಕಣ್ಣೆತ್ತಿ ನೋಡ್ಲಿಲ್ಲ. ಮುಂದಿನವರ ಕಾಲು ನೋಡಕೊಂತೇ ನಡದೀವಿ. ಸುಮ್ಮ ನಿಂತು ನೋಡಾದು ಅಂದ್ರ ಹಿಂಗ ಇರ್ತದ ಅಂತ ಇವತ್ತೇ ತಿಳೀತು ನನಗ."

ಚಂದ್ರಪ್ಪನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರೂ ಆ ವರ್ಷ ಅಂಗಡಿ ಮುಚ್ಚಿ ಊರು ಬಿಟ್ಟವರೇ ಎಂದು ನನಗೆ ಆಮೇಲೆ ಗೊತ್ತಾಯಿತು. ಅವರು ನನ್ನ ಹತ್ತಿರ, ಮೊದಲ ಸಲ ತಾವಾಗಿಯೇ ಒಂದು ಗೇಣು ಹತ್ತಿರ, ಬಂದು ನಿಂತು, "ಬೀಗರ," ಎಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ದೀಪಾವಳಿ ಆದ ಮ್ಯಾಲ ಮದುವಿ ಇಟ್ಟುಕೊಳ್ಳಮು. ಒಂದೇ ಮಾತು. ಇಲ್ಲಿ ನನಗ ಹೊತಗೊಂಡು ಹೋಗಿದ್ದು, ಅಂಗಿ ಬಿಚ್ಚಿದ್ದು, ನೌಬಾದಕ್ಕ ಮುಟ್ಟಬಾರದು. ನಮ್ಮ ಮನಿತನದಾಗ ಎದಿ ಬೀಮಾರಿ ಅದ ಅಂತಾರ ಮಂದಿ."

"ಛೇ, ಛೇ. ಮಂದಿ ಮಾತು ಯಾರು ಕೇಳ್ತಾರ್ರಿ ಬೀಗರ," ಎಂದೆ.

ಮದುವೆ ಚೆನ್ನಾಗಿಯೇ ಆಯಿತು. ನೀಲಾ ನೌಬಾದದಲ್ಲಿ ಸುಖವಾಗಿದ್ದಾಳೆ. ಆದರೆ ಭಾಲ್ಕಿಯ ಜನ ನನ್ನನ್ನು ಬಿಡಲಿಲ್ಲ. ನನಗೆ ರೋಗವೇ ಇರಲಿಲ್ಲ ಎಂಬುದನ್ನು ಒಬ್ಬರೂ ಒಪ್ಪಲಿಲ್ಲ. ನಾನು ಗುಣವಾಗಿ ಬಂದಿದ್ದೇನೆ ಎಂಬುದನ್ನು ಎಲ್ಲರೂ ಒಪ್ಪಿದರು, ಅದೂ ನಾಲ್ಕೇ ದಿನದಲ್ಲಿ! ಕೆಮ್ಮುವವರು ಮನೆ ಹುಡುಕಿಕೊಂಡು ಬರತೊಡಗಿದರು. ಮೊದಮೊದಲು, "ಇಲ್ರಿ, ನನಗ ಏನೂ ಆಗಿರ್ಲಿಲ್ಲ" ಎಂದು ಗಂಟೆಗಟ್ಟಲೆ ವಾದಿಸಿದೆ. "ಮಾಸ್ತರ್ದು ದೊಡ್ಡ ಮನಸು, ತಮ್ಮ ಕಷ್ಟ ಹೇಳಕೊಳ್ಳಂಗಿಲ್ಲ" ಎಂದು ಅವರು ಕೈ ಮುಗಿದರು. ಒಂದು ದಿನ ಔರಾದಿನಿಂದ ಒಬ್ಬರು ತಿಂಗಳಿನಿಂದ ಕೆಮ್ಮುತ್ತ ಬಂದರು. ದವಾಖಾನೆ ಎಂದರೆ ಹೆದರಿಕೆ, ಹೋಗಲೊಲ್ಲರು. ಶಾಂತಾ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ, "ಅಂಜಬ್ಯಾಡ್ರಿ, ನಾಳೆನೇ ಗುಡ್ಡಕ್ಕ ಹೋಗ್ರಿ. ನನ್ನ ಸ್ಥಿತಿ ನಿಮಗಿಂತ ಕಠಿಣ ಇತ್ತು."

ಅವರು ಹೋದರು, ವರ್ಷದೊಳಗೆ ನಿಜವಾಗಿಯೂ ಗುಣವಾಗಿ ಬಂದರು. ಅಂದಿನಿಂದ ನನ್ನ ಮಾತು ನಿಲ್ಲಿಸುವವರಿಲ್ಲ. ಎಷ್ಟು ಸಲ ಹೇಳಿದ್ದೇನೆಂದರೆ, ಈಗೀಗ ಚಳಿಗಾಲ ಬಂತೆಂದರೆ ನಾನೇ ಎದೆಯ ಮೇಲೆ ಕೈ ಇಟ್ಟುಕೊಂಡು, ಅಂಥ ದೊಡ್ಡ ಬೇನೆಯಿಂದ ಹೇಗೆ ಪಾರಾದೆನಪ್ಪಾ ಎಂದು ಬೆರಗಾಗುತ್ತೇನೆ.