ನನ್ನ ಮರಾಠಿಯ ವಿಚಾರ

ಇನ್ನೊಬ್ಬರಿಗೆ ಯೋಚಿಸಲು ಕಲಿಸುವ ಕೆಲಸ ಯಾರಿಗೆ ಸಿಗುತ್ತದೆ ಎಂದು ನೀವು ಕೇಳಿದರೆ, ಬೇರೆ ಪೀರಿಯಡ್ಡು ಇಲ್ಲದವರಿಗೆ ಎಂದು ನಾನು ಅನುಭವದಿಂದ ಹೇಳಬಲ್ಲೆ. ಪುಣೆಯ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ವಾರಕ್ಕೆ ಎರಡು ಪೀರಿಯಡ್ಡು ಕಡಿಮೆ ಬಿದ್ದವು. 'ವಿಮರ್ಶಾತ್ಮಕ ಚಿಂತನೆ' ಎಂಬ ಹೊಸ ವಿಷಯ ನನ್ನ ಕೊರಳಿಗೆ ಬಿತ್ತು. ಜೊತೆಗೆ ಪ್ರಿನ್ಸಿಪಾಲರ ಎಚ್ಚರಿಕೆ: ತಪಾಸಣೆಗೆ ಬರುವ ಸಮಿತಿ ಮೆಚ್ಚದಿದ್ದರೆ ವಿಷಯವೂ ಬಂದ್, ನನಗೂ ಬಾರಾಮತಿ ಶಾಖೆಗೆ ವರ್ಗ. ಬಾರಾಮತಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನನ್ನ ಹೆಂಡತಿ ವರ್ಷಗಟ್ಟಲೆ ಅಲೆದು ಪುಣೆಯ ಪಕ್ಕದ ನಿಗಡಿಯಲ್ಲಿ ಜೋಳವನ್ನು ತನಗೆ ಬೇಕಾದಷ್ಟು ನುಣ್ಣಗೆ ಬೀಸಿಕೊಡುವ ಗಿರಣಿ ಹುಡುಕಿಕೊಂಡಿದ್ದಾಳೆ. ಅದನ್ನು ಬಿಟ್ಟು ಬರುವವಳಲ್ಲ. ಅಲ್ಲಿ ನಾನೊಬ್ಬನೇ ಮೊಸರನ್ನ ಕಲಸುತ್ತ ಕೂರಬೇಕಾದೀತೆಂದು ನಿಜವಾಗಿಯೂ ಹೆದರಿದ್ದೆ.

ನನ್ನ ಮರಾಠಿಯ ಬಗ್ಗೆಯೂ ಹೇಳಬೇಕು. ನಾನು ಮರಾಠಿ ಆಡಿದರೆ ತರಕಾರಿಯವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಆದರೂ ಆಡುವ ಚಪಲ ಬಿಡದು. ಸಮಿತಿ ಬಂದ ದಿನ ಅರವತ್ತು ವಿದ್ಯಾರ್ಥಿಗಳಿಗೆ ಒಂದು ಸಮಸ್ಯೆ ಕೊಟ್ಟೆ: ನಮ್ಮ ಗೇಟಿನ ಮುಂದೆ ಹಾಯುವ ಕಾತ್ರಜದ ಬಸ್ಸು ದಿನಾ ಅರ್ಧ ತಾಸು ತಡ, ಕಾರಣವೇನು, ಪರಿಹಾರವೇನು? ಕೊಟ್ಟದ್ದೇ ತಡ, ಎಲ್ಲರೂ ಬರೆಯತೊಡಗಿದರು. ಅದೇ ನನಗೆ ಆಗದ್ದು. ಮೊದಲು ಯೋಚಿಸಿ, ಆಮೇಲೆ ಬರೆಯಿರಿ ಎಂಬರ್ಥದಲ್ಲಿ, "ಆಧೀ ವಿಚಾರಾ, ಮಗ ಲಿಹಾ!" ಎಂದು ಮೇಜು ಗುದ್ದಿ, ಸಮಿತಿಯವರಿಗೆ ಚಹಾ ಕುಡಿಸಿ ಕರೆತರಲು ಹೋದೆ.

ಮರಳಿ ಬಂದರೆ ಕೋಣೆಯಲ್ಲಿ ಕಲಬುರಗಿ ಕಡೆಯ ಸುನಂದಾ ಒಬ್ಬಳೇ ಕೂತಿದ್ದಾಳೆ. ಸಮಿತಿಯ ಜೊತೆ ಬಂದಿದ್ದ ಪ್ರಿನ್ಸಿಪಾಲರ ಮುಖ ನೋಡುವ ಧೈರ್ಯವಾಗಲಿಲ್ಲ.

"ಎಲ್ಲಿ ಹೋದ್ರವಾ ಎಲ್ಲಾರೂ?"

"ಕೇಳಾಕ ಹೋಗ್ಯಾರ್ರಿ ಸರ. ಮರಾಠ್ಯಾಗ 'ವಿಚಾರ ಕರಾ' ಅಂದ್ರ ವಿಚಾರ ಮಾಡ್ರಿ ಅಂತ. ಬರೇ 'ವಿಚಾರಾ' ಅಂದ್ರ ಕೇಳ್ರಿ ಅಂತ. ನೀವು 'ಕರಾ' ನುಂಗಿದ್ರಿ."

"ಮತ್ತ ನೀ ಯಾಕ ಹೋಗಲಿಲ್ಲ?"

"ನನಗ ನಿಮ್ಮ ಮರಾಠಿ ತಿಳೀತದ್ರಿ."

ಅಷ್ಟರಲ್ಲಿ ಗುಂಪು ಗದ್ದಲದೊಂದಿಗೆ ಮರಳಿತು. ಒಬ್ಬ ವಾಚ್‌ಮನ್‌ನನ್ನು ಕೇಳಿದ್ದ. ಇಬ್ಬರು ಕ್ಯಾಂಟೀನಿನಲ್ಲಿ ವಡಾಪಾವ್ ತಿನ್ನುತ್ತ ಕೇಳಿದ್ದರು. ಉಳಿದ ಐವತ್ತಾರು ಮಂದಿ ಕಾತ್ರಜದ ಬಸ್ಸನ್ನೇ ಅಡ್ಡಗಟ್ಟಿ, ಒಬ್ಬೊಬ್ಬರಾಗಿ ಕಂಡಕ್ಟರನನ್ನು ವಿಚಾರಿಸಿದ್ದರು. ಅವರೆಲ್ಲರೂ ತಂದ ಉತ್ತರ ಒಂದೇ: ಕಾಲೇಜಿನವರು ಬಸ್ಸು ನಿಲ್ಲಿಸಿ ಪ್ರಶ್ನೆ ಕೇಳುವುದರಿಂದ ತಡವಾಗುತ್ತದೆ.

ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ನನ್ನ ಕೈ ಹಿಡಿದು, "ಸಮಸ್ಯೆಯಲ್ಲಿ ತಮ್ಮ ಪಾಲೆಷ್ಟು ಎಂದು ಕಂಡುಕೊಂಡ ವಿದ್ಯಾರ್ಥಿಗಳನ್ನು ಇದೇ ಮೊದಲು ನೋಡಿದೆ!" ಎಂದರು. ಈ ವಿಷಯ ಎಲ್ಲ ಶಾಖೆಗಳಲ್ಲೂ ಬೇಕು, ಬಾರಾಮತಿಯಿಂದಲೇ ಶುರುವಾಗಲಿ, ನೀವೇ ಎರಡು ವರ್ಷ ಅಲ್ಲಿದ್ದು ಕಲಿಸಿ ಎಂದೂ ಸೇರಿಸಿದರು. ಹೊಗಳಿಕೆ ತಲೆಗೇರಿತ್ತು. ಖಂಡಿತ ಸಾಹೇಬರೇ ಎಂದುಬಿಟ್ಟೆ.

ಸಂಜೆ ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

"ಹೂಂ ಅನ್ನೂಕಿಂತ ಮೊದಲ ನನ್ನ ಒಂದ್ ಮಾತ್ ಕೇಳಬೇಕಿತ್ತಿಲ್ಲೇನ್ರಿ?"

ಕೇಳಿರಲಿಲ್ಲ. ವಿಚಾರವನ್ನಂತೂ ಮಾಡಿರಲೇ ಇಲ್ಲ. ಅವಳು ಕನ್ನಡದಲ್ಲೇ ಹೇಳಿದ್ದರಿಂದ, ಅರ್ಥವಾಗಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿಯೂ ನನಗಿರಲಿಲ್ಲ.