ತನ್ನ ಬುತ್ತಿ ತಾನುಣ್ಣದ ಮೊಮ್ಮಗಳು

ನನ್ನ ಮೊಮ್ಮಗಳಿಗೆ ಹುಚ್ಚು ಹಿಡಿದಿದೆ. ಮಂದಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅಜ್ಜಿ ಹೇಳಿದರೆ ಅದು ಮುದ್ದು, ಬೇರೆಯವರು ಹೇಳಿದರೆ ಜಗಳ! ಯೂನಿವರ್ಸಿಟಿಯಲ್ಲಿ ಓದುವ ಹುಡುಗಿ. ತಲೆಯೊಳಗೆ ಬುದ್ಧಿ ರೈಸ್ ಮಿಲ್ಲಿನ ಗೋದಾಮಿನಂತೆ ಒತ್ತಿ ತುಂಬಿದೆ. ಆದರೂ ನಾನು ನಸುಕಿನಲ್ಲೆದ್ದು ಬಡಿದು ಕಟ್ಟಿಕೊಡುವ ರೊಟ್ಟಿಯ ಬುತ್ತಿಯನ್ನು ಹೊತ್ತುಕೊಂಡು ಹೋಗಿ, ಮಧ್ಯಾಹ್ನ ಅದರಲ್ಲಿ ಒಂದು ತುತ್ತನ್ನೂ ತಿನ್ನುವುದಿಲ್ಲ. ಇದು ಹುಚ್ಚಲ್ಲದೆ ಮತ್ತೇನು?

ನಾವು ಮಾನ್ವಿ ಕಡೆಯ ಬಾಗಲವಾಡದವರು. ಇವಳ ಓದಿಗೆಂದು ರಾಯಚೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೇವೆ. ಓದು ಅವಳ ಪಾಲಿಗೆ, ಒಲೆ ನನ್ನ ಪಾಲಿಗೆ. ದಿನಾ ಬಸ್ಸು ಹತ್ತಿ ಯರಗೇರಾಕ್ಕೆ ಹೋಗುತ್ತಾಳೆ. ನಾನು ಶಾಲೆ ಕಂಡದ್ದು ಕಡಿಮೆ. ಬರೆಯುವುದೆಂದರೆ ಜೋಳದೊಳಗಿನ ಹರಳು ಆರಿಸಿದ ಹಾಗೆ, ಒಂದೊಂದೇ ಅಕ್ಷರ! ಹಾಗಿದ್ದರೂ ನನ್ನ ರೊಟ್ಟಿ ಮಾತ್ರ ಯೂನಿವರ್ಸಿಟಿಗೆ ತಪ್ಪದೆ ಹೋಗಿಬರುತ್ತದೆ.

ಈ ಹುಚ್ಚು ಶುರುವಾದದ್ದು ಹೀಗೆ. ಅಲ್ಲಿ ಊಟದ ಹೊತ್ತಿಗೆ ಹುಡುಗರು ಕೂರುವ ರೀತಿ ಇವಳಿಗೆ ಹಿಡಿಸಲಿಲ್ಲ. ಬೇವಿನ ಗಿಡದ ಕೆಳಗೆ ನಮ್ಮಂಥವರು, ಮೆಟ್ಟಿಲ ಮೇಲೆ ಉರ್ದು ಮಾತಾಡುವವರು, ನಳದ ಹತ್ತಿರ ಗಡಿಯಾಚೆಯ ತೆಲುಗಿನವರು, ಗೋಡೆಯ ಮಗ್ಗುಲಿಗೆ ಊರ ಕೊನೆಯ ಓಣಿಗಳಿಂದ ಬಂದವರು.

"ಯಾರೂ ಬೋರ್ಡ್ ಹಚ್ಚಿಲ್ಲ ಅಜ್ಜಿ! ಆದ್ರೂ ಎಲ್ಲಾರಿಗೂ ತಮ್ಮ ತಮ್ಮ ಜಾಗ ಗೊತ್ತದ!" ಎಂದು ಬಂದು ನನ್ನ ಮೇಲೆ ಹರಿಹಾಯ್ದಳು, ನಾನೇ ಹೋಗಿ ಎಲ್ಲರನ್ನೂ ಕೂರಿಸಿ ಬಂದವಳಂತೆ.

ಸುಮ್ಮನೆ ಬೈದು ಬಿಡುವ ಜಾತಿಯದಲ್ಲ ಇದು. ನಾಲ್ಕು ಕಡೆಯಿಂದ ನಾಲ್ಕು ಮಂದಿಯನ್ನು ಎಳೆದು ತಂದು ಒಂದು ಕೂಟ ಕಟ್ಟಿದಳು. ನಿಯಮ ಎರಡೇ. ಒಂದು, ಯಾರೂ ತಮ್ಮ ಬುತ್ತಿ ತಾವು ಉಣ್ಣುವಂತಿಲ್ಲ. ಎರಡು, ಉಣ್ಣುವ ಮೊದಲು ಆ ಬುತ್ತಿಯವರ ಮನೆಯ ಬಗ್ಗೆ ಒಂದು ಪ್ರಶ್ನೆ ಕೇಳಬೇಕು. ಆದರೆ "ನೀವು ಯಾರ ಪೈಕಿ?" ಎಂದು ಜಾತಿ ಕೇಳಿದವರು ಎಲ್ಲರ ಡಬ್ಬಿ ತೊಳೆಯಬೇಕು!

ಮೊದಮೊದಲು ಡಬ್ಬಿಗಳು ಬಹಳ ಚೊಕ್ಕಟವಾಗಿ ತೊಳೆಸಿಕೊಂಡು ಬಂದವು. ಬಾಯಿಚಟ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಒಂದು ದಿನ ವಯಸ್ಸಾದ ಮೇಷ್ಟ್ರೊಬ್ಬರು ಹುಡುಗರ ಗದ್ದಲ ನೋಡಲು ಬಂದು, ಶೇಂಗಾ ಹಿಂಡಿ ಚಟ್ನಿಯ ರುಚಿ ನೋಡಿ, ಪ್ರೀತಿಯಿಂದಲೇ ಒಬ್ಬ ಹುಡುಗನನ್ನು ಕೇಳಿದರಂತೆ, "ಭಾಳ ಚಲೋ ಅದಲ್ಲೋ ತಮ್ಮಾ, ನೀವು ಯಾರ ಪೈಕಿ?" ನನ್ನ ಮೊಮ್ಮಗಳು ಎದ್ದು ನಿಂತು ಬಹಳ ವಿನಯದಿಂದ, "ಸರ್, ನಳ ಆ ಕಡೆ ಅದರೀ" ಎಂದಳು. ಪಾಪ, ಮೇಷ್ಟ್ರು ಅಂಗಿಯ ತೋಳು ಮಡಚಿ ತೊಳೆದರು! ಅಂದು ನಮ್ಮ ಡಬ್ಬಿಯ ತಳಕ್ಕೆ ಎಣ್ಣೆ ಹಾಗೇ ಅಂಟಿತ್ತು. ಅಷ್ಟು ಓದಿದವರ ಕೈಕೆಲಸ ಅಷ್ಟೇ ಎಂದುಕೊಂಡು ನಾನು ಇನ್ನೊಮ್ಮೆ ತೊಳೆದೆ.

ನನ್ನ ಎಣ್ಣೆಗಾಯಿ ಪಲ್ಯಕ್ಕೆ ಅಲ್ಲಿ ಅಭಿಮಾನಿಗಳಿದ್ದಾರೆ ಗೊತ್ತೇ? ದಖ್ಖನಿ ಮಾತಾಡುವ ಹುಡುಗನೊಬ್ಬ "ದಾದಿಯವರಿಗಿ ಸಲಾಂ ಹೇಳು, ಖಾರ ಸ್ವಲ್ಪ ಕಡಿಮಿ ಹಾಕು ಅನ್ನು" ಎಂದು ಹೇಳಿಕಳಿಸುತ್ತಾನೆ. ಅವನ ಮಾತಿನಲ್ಲಿ ದಾದಿ ಎಂದರೆ ಅಜ್ಜಿ. ಸಲಾಮು ಇಟ್ಟುಕೊಂಡೆ, ಖಾರ ಕಡಿಮೆ ಮಾಡಲಿಲ್ಲ.

ನನ್ನ ಮಗಳು, ಅಂದರೆ ಇವಳ ಸೋದರತ್ತೆ, ಇದನ್ನೆಲ್ಲ ಕೇಳಿ ಮಾನ್ವಿಯಿಂದ ಓಡಿಬಂದಳು.

"ಕಂಡಕಂಡವರ ಡಬ್ಬಿಗಿ ಕೈ ಹಾಕ್ತೀಯಲ್ಲ, ನಾಳಿ ವರ ನೋಡಾಕ ಬಂದವರು ಏನಂತಾರ ಬೇ?"

"ವರನೂ ಒಂದು ಬುತ್ತಿ ಕಟ್ಟಿಸ್ಕೊಂಡು ಬರ್ಲಿ ಅತ್ತಿ. ರುಚಿ ನೋಡಿ ಹೇಳ್ತೀನಿ!"

ಮಗಳು ಸಿಟ್ಟಿನಿಂದ ಮುಂದಿನ ಬಸ್ಸಿಗೇ ಹೋದಳು. ನಾನು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

ಇಷ್ಟೆಲ್ಲ ಗೆದ್ದವಳು ಒಂದು ಕಡೆ ಮಾತ್ರ ಸೋತುಬಿಟ್ಟಿದ್ದಳು. ಅವಳ ತರಗತಿಯಲ್ಲಿ ದೇವದುರ್ಗದ ಒಬ್ಬ ಹುಡುಗಿ. ಇವಳ ಜೀವದ ಗೆಳತಿ. ರಾಯಚೂರಿನಲ್ಲಿ ರೂಮು ಮಾಡಿಕೊಂಡು, ಊರಿನಿಂದ ವಾರಕ್ಕಾಗುವಷ್ಟು ಒಣಗಿಸಿದ ಕಟಕ್ ರೊಟ್ಟಿ ತಂದಿಟ್ಟುಕೊಂಡು ಓದುತ್ತಿದ್ದಳು. ಪಾಠ, ನಗೆ, ಬಸ್ಸು ಎಲ್ಲದರಲ್ಲೂ ಜೊತೆ. ಊಟದ ಹೊತ್ತಿಗೆ ಮಾತ್ರ ಆ ಹುಡುಗಿ ಗೋಡೆಯ ಮಗ್ಗುಲಿಗೆ ಒಬ್ಬಳೇ. ಇವಳಿಗೆ ಬೇಕಿದ್ದದ್ದು ಒಂದೇ, ಆ ಬುತ್ತಿ ಕೂಟದ ನಡುವೆ ಬಿಚ್ಚಬೇಕು. ನಿಜ ಹೇಳಬೇಕೆಂದರೆ ಕೂಟ ಕಟ್ಟಿದ್ದೇ ಅದಕ್ಕಾಗಿ! ಕರೆದಳು, ಕಾಡಿದಳು, ಜಗಳಾಡಿದಳು. ಕೊನೆಗೆ ನಮ್ಮ ಮನೆಯಲ್ಲೇ, ನನ್ನ ಎದುರಿಗೇ ಆ ಹುಡುಗಿ ಹೇಳಿಬಿಟ್ಟಳು.

"ಗಿಡದ ಕೆಳಗ ನಾವು ಹುಡುಗರು ಹಂಚ್ಕೊಂಡು ತಿಂದ್ರ ಅದು ಪಿಕ್ನಿಕ್ ಲೇ. ನನ್ನ ರೊಟ್ಟಿ ತಿಂದು ನೀವು ದೊಡ್ಡವರಾಗ್ತೀರಿ. ರೊಟ್ಟಿ ಬಡಿದ ನಮ್ಮಜ್ಜಿಗಿ ಏನು ಸಿಗ್ತದ? ನಿಮ್ಮ ಮನಿ ಹಿರ್‍ಯಾರು ನಮ್ಮ ಮನಿಗಿ ಬಂದು, ನಮ್ಮಜ್ಜಿ ಕೈಯಾಗಿಂದು ಉಣ್ಣಲಿ. ಮರುದಿನ ನಾ ಬುತ್ತಿ ಬಿಚ್ಚತೀನಿ."

ನನ್ನ ಮೊಮ್ಮಗಳು ಮೆಲ್ಲಗೆ ನನ್ನ ಕಡೆ ನೋಡಿದಳು.

"ನನ್ನ ಮುಖ ಏನು ನೋಡ್ತಿ? ದೇವದುರ್ಗದ ಬಸ್ಸು ಎಷ್ಟಕ್ಕದ ನೋಡು!" ಎಂದೆ.

ಆ ಭಾನುವಾರ ಹೊರಟೆವು. ಒಳ್ಳೆ ಊಟ ಮಾಡಬೇಕೆಂದು ಬೆಳಗ್ಗೆ ಚಹಾದ ಮೇಲೇ ಇದ್ದೆ. ಓಣಿಯ ತುದಿಗೆ ತಗಡಿನ ಮನೆ, ಸಾರಿಸಿದ ಅಂಗಳ, ಒಳಗೋಡೆಗೆ ಬುದ್ಧನ ಪಟ. ಆ ಹುಡುಗಿಯ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನಷ್ಟೇ ವಯಸ್ಸು, ನನ್ನಂತೆಯೇ ಕೀಲುನೋವಿನ ನಡಿಗೆ. ಹೊಸ ಚಾಪೆ ಹಾಸಿ, ಹೊಸ ತಟ್ಟೆ ಇಟ್ಟು ಬಡಿಸಿ, ದೂರ ಸರಿದು ಗೋಡೆಗೆ ಒರಗಿ ನಿಂತಳು.

ರೊಟ್ಟಿ ಮುರಿದು ಬಾಯಿಗಿಟ್ಟೆ. ಅಯ್ಯೋ ದೇವರೇ! ಪೇಪರಿನಂತೆ ತೆಳ್ಳಗೆ, ತಣ್ಣಗೆ. ಪಲ್ಯಕ್ಕೆ ಬೆಲ್ಲ! ಮನೆಯ ಒಲೆ ನೋಡಿದರೆ ಆರಿಹೋಗಿದೆ.

"ಯವ್ವಾ, ಇದು ಖಾನಾವಳಿದಲ್ಲೇನು?" ಎಂದೆ.

ಆಕೆ ತಲೆ ತಗ್ಗಿಸಿದಳು. ಆಗ ಹೊರಬಿತ್ತು ನಮ್ಮ ಹುಚ್ಚಿಯ ಪ್ರತಾಪ! ಹಿಂದಿನ ದಿನ ಫೋನಿನಲ್ಲಿ ಈ ಅಜ್ಜಿಯ ಹತ್ತಿರ ಬಲು ಜಂಬದಿಂದ, "ನಮ್ಮಜ್ಜಿ ಭಾಳ ನೇಮದಾಕಿ ರೀ, ಲಿಂಗಪೂಜಿ ಆಗೋಮಟ ನೀರೂ ಕುಡಿಯಂಗಿಲ್ಲ, ಅಂಥಾಕಿ ನಿಮ್ಮ ಮನಿಗಿ ಬರಾಕತ್ಯಾಳ!" ಎಂದಿದ್ದಾಳೆ. ಎಂಥ ದೊಡ್ಡ ಮನಸ್ಸು ನೋಡಿ ಎಂದು ಹೊಗಳಲು ಹೋದದ್ದು. ಆ ತಾಯಿ ಅದನ್ನು ಕೇಳಿ ಹೆದರಿ, ನೇಮದವರ ನೇಮ ಕೆಡಬಾರದೆಂದು ಬಸ್ ಸ್ಟ್ಯಾಂಡಿನ ಹತ್ತಿರದ ಲಿಂಗಾಯತ ಖಾನಾವಳಿಯಿಂದ ಊಟ ತರಿಸಿಬಿಟ್ಟಿದ್ದಾಳೆ!

ದೇವದುರ್ಗದ ಹುಡುಗಿ ಕೆಂಡವಾದಳು. "ಅಜ್ಜಿ, ನಾ ಹೇಳಿದ್ದೇನು, ನೀ ಮಾಡಿದ್ದೇನು? ಇದು ನಮ್ಮ ಮನಿ ಊಟ ಅಲ್ಲ. ಇದು ಲೆಕ್ಕಕ್ಕ ಬರಂಗಿಲ್ಲ!" ನನ್ನ ಮೊಮ್ಮಗಳ ಮುಖ ನೋಡಬೇಕಿತ್ತು ನೀವು. ಮೇಷ್ಟ್ರಿಗೆ ನಳ ತೋರಿಸಿದವಳು ತಟ್ಟೆಯ ಮುಂದೆ ಬೆವರುತ್ತ ಕುಳಿತಿದ್ದಳು. ಇಷ್ಟು ದಿನದ ಕಾಟ, ಜಗಳ, ಬಸ್ಸು ಎಲ್ಲ ನೀರಲ್ಲಿ ಹೋಮ!

ನಾನು ತಟ್ಟೆ ಬದಿಗಿಟ್ಟು, ಮೊಮ್ಮಗಳ ಹೆಗಲು ಹಿಡಿದು ಹೇಗೋ ಎದ್ದೆ.

"ಖಾನಾವಳಿ ರೊಟ್ಟಿ ತಿನ್ನಾಕ ದೇವದುರ್ಗಕ್ಕ ಯಾಕ ಬರ್ಲಿ? ರಾಯಚೂರಾಗ ಖಾನಾವಳಿ ಇಲ್ಲೇನು? ನೀ ಬಡಿದದ್ದು ಉಂಡೇ ಹೋಗಾಕಿ ನಾ. ಒಲಿ ಹಚ್ಚು. ನಾ ಒಳಗ ಬರ್ಲೇನವ್ವಾ?"

ಆಕೆ ನನ್ನ ಹಣೆಯ ವಿಭೂತಿಯನ್ನೇ ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು. "ನಿಮಗ ಮತ್ತ ಕೆಳಗ ಕುಂದ್ರಾಕ ಬರ್ತದೇನ್ರೀ? ಮೊಳಕಾಲು ಮಡಚಂಗಿಲ್ಲ ಅನಿಸ್ತದ" ಎಂದಳು.

"ಕುಂದ್ರಾಕ ಬರ್ತದ, ಏಳಾಕ ಬರಂಗಿಲ್ಲ. ನೀನ ಎಬ್ಬಿಸಬೇಕು."

"ನನ್ನ ಯಾರು ಎಬ್ಬಿಸಬೇಕು?" ಎಂದು ಆಕೆ ಮೊದಲ ಸಲ ನಕ್ಕಳು. "ಬರ್ರಿ."

ಆಕೆ ಬಡಿದಳು, ನಾನು ಬೇಯಿಸಿದೆ. ಸುಮ್ಮನಿರದೆ ನಾನೂ ಒಂದು ಬಡಿಯಲು ಹೋದೆ. ಅದನ್ನು ಹೆಂಚಿನ ಮೇಲೆ ಕಂಡು ಆಕೆ, "ಇದೇನ್ರೀ ಇಷ್ಟು ದಪ್ಪ? ಮಾನ್ವಿ ಕಡಿ ರೊಟ್ಟಿಗಿ ಸ್ವೆಟರ್ ಹಾಕ್ತಾರೇನು?" ಎಂದುಬಿಟ್ಟಳು! ನೇಮದವರಿಗೆ ಹೆದರುತ್ತಿದ್ದ ಹೆಂಗಸು ಎಲ್ಲಿ ಹೋದಳು? ನಾನು ಬಿಡುವವಳೇ? ಆಕೆಯ ಹುಳಿಬ್ಯಾಳಿಗೆ ಉಪ್ಪು ಸಾಲದೆಂದೆ. ಸಾಲದೆನ್ನುತ್ತಲೇ ಎರಡು ಸಲ ಹಾಕಿಸಿಕೊಂಡೆ. ಬಿಸಿ ರೊಟ್ಟಿ ಹೆಂಚಿನಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ. ಹೊಟ್ಟೆ ಸಾಕೆಂದಿತು, ಬಾಯಿ ಕೇಳಲಿಲ್ಲ. ಕೊನೆಗೆ ನಮ್ಮಿಬ್ಬರನ್ನೂ ಎಬ್ಬಿಸಲು ಹುಡುಗಿಯರಿಬ್ಬರೂ ಬೇಕಾದರು.

ಮರುದಿನ ಸಂಜೆ ಮೊಮ್ಮಗಳ ದಾರಿ ಕಾಯುತ್ತ ಹೊಸ್ತಿಲ ಬಳಿ ಕುಳಿತಿದ್ದೆ. ಬಸ್ಸಿನಿಂದ ಇಳಿಯುವಾಗಲೇ ಅವಳ ಮಾತು ಶುರುವಾಗಿರುತ್ತದೆ, ಮನೆ ಮುಟ್ಟುವ ಹೊತ್ತಿಗೆ ಅರ್ಧ ಕಥೆ ಓಣಿಯವರಿಗೆ ಗೊತ್ತಾಗಿರುತ್ತದೆ. ಅಂದು ಸುಮ್ಮನೆ ಬಂದಳು. ಚಪ್ಪಲಿ ಬಿಟ್ಟು, ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು.

"ಬಿಚ್ಚಲಿಲ್ಲೇನು ಯವ್ವಾ?"

"ಬಿಚ್ಚಿದಳು."

"ಮತ್ತ?"

"ಮಂದಿ ಕಿತ್ತಾಡಿ ತಿಂದ್ರು ಅಜ್ಜಿ. ಮೆಟ್ಟಿಲ ಮ್ಯಾಲಿನವರು, ನಳದ ಕಡಿಯವರು, ಎಲ್ಲಾರೂ. ಆಕಿ ನಗಾಕತ್ತಿದ್ದಳು. 'ನಮ್ಮಜ್ಜಿ ಬಡಿದದ್ದು, ನಮ್ಮಜ್ಜಿ ಬಡಿದದ್ದು' ಅಂತ ಎಲ್ಲಾರಿಗೂ ಹೇಳಾಕತ್ತಿದ್ದಳು. ನನಗ... ನನಗ ಒಂದು ತುಣುಕೂ ಸಿಗಲಿಲ್ಲ."

ಅಷ್ಟು ಹೇಳಿ ನನ್ನ ಸೀರೆಯಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಹಸಿದು ಬಂದಿದ್ದಾಳೆಂದು ಗೊತ್ತಿತ್ತು. ಆದರೂ ನಾನು ಊಟಕ್ಕೆ ಎಬ್ಬಿಸಲಿಲ್ಲ. ಅಂಥ ಅಳು ಎಲ್ಲರಿಗೂ ಸಿಗುವುದಿಲ್ಲ, ಅಳಲಿ ಎಂದು ಕತ್ತಲಾಗುವವರೆಗೆ ಅವಳ ಕೂದಲು ನೇವರಿಸುತ್ತ ಕುಳಿತೆ.